ಪ್ರಯೋಗಕ್ಕೆ ಸಹಿ ಹಾಕಲೇ, ಬೇಡವೇ?

ಪ್ರಶ್ನೆ: ಲವ್‌ಬರ್ಡ್ಸ್ ಸಾಕಿರುವ ನನ್ನ ತಂದೆಗೆ ಹಕ್ಕಿಗಳಿಂದ ಹರಡುವ ಸಿಟಕೋಸಿಸ್ ನ್ಯುಮೋನಿಯಾ. ಐಸಿಯುನಲ್ಲಿದ್ದಾರೆ. ಔಷಧ ಪ್ರಯೋಗಕ್ಕೆ ಸೇರಿಸಲು ನನ್ನ ಒಪ್ಪಿಗೆ ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಡಾಕ್ಸಿಸೈಕ್ಲಿನ್ ಶುರುವಾಗಿದೆಯೇ ಎಂದು ಮೊದಲು ಕೇಳಿ. ಈ ಕಾಯಿಲೆಗೆ ಮೊದಲ ಆಯ್ಕೆ ಅದೇ. ನ್ಯುಮೋನಿಯಾಕ್ಕೆ ಸಾಮಾನ್ಯವಾಗಿ ಕೊಡುವ ಸೆಫ್ಟ್ರಿಯಾಕ್ಸೋನ್ ಒಂದನ್ನೇ ನಂಬಿ ಕೂರುವಂತಿಲ್ಲ. ಪ್ರಯೋಗದ ಹೆಸರಲ್ಲಿ ಒಂದು ಡೋಸ್ ಕೂಡ ತಡವಾಗಬಾರದು.

ಇಂಥ ರೋಗಿಗಳು ಅಪರೂಪವಾದ್ದರಿಂದ ತೀವ್ರ ಹಂತದ ಚಿಕಿತ್ಸೆಗೆ ದೊಡ್ಡ ಪ್ರಯೋಗಗಳ ಆಧಾರ ಕಡಿಮೆ. ಹಾಗಾಗಿ ಪ್ರಯೋಗ ಎಂದಕೂಡಲೇ ಹೆದರಬೇಡಿ. ಆದರೆ ಎರಡು ಪ್ರಶ್ನೆ ಕೇಳಿ. ಪ್ರಯೋಗದ ಯಾವ ಗುಂಪಿಗೆ ಬಿದ್ದರೂ ಡಾಕ್ಸಿಸೈಕ್ಲಿನ್ ಅಥವಾ ಅದರದೇ ಟೆಟ್ರಾಸೈಕ್ಲಿನ್ ವರ್ಗದ ಔಷಧ ಸಿಗುತ್ತದೆಯೇ? ಹೊಸ ಔಷಧ ಡಾಕ್ಸಿಸೈಕ್ಲಿನ್ ಜೊತೆಗೋ, ಬದಲಿಗೋ? ಇವೆರಡಕ್ಕೂ ಸ್ಪಷ್ಟ ಉತ್ತರ ಸಿಗದಿದ್ದರೆ ನಾನಾದರೆ ಸಹಿ ಹಾಕುವುದಿಲ್ಲ. ಗುಂಪು ಲಾಟರಿಯಂತೆ ತೀರ್ಮಾನವಾಗುವುದಾದರೆ, ವೈದ್ಯರೂ ಆರಿಸಲಾರರು.

ಭಾರತದ ಔಷಧ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ಈ ಪ್ರಯೋಗದ ನೋಂದಣಿ ಸಂಖ್ಯೆ ಪಡೆದು ಅದರ ಜಾಲತಾಣದಲ್ಲಿ ನೋಡಿ. ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ. 2019ರ ಔಷಧ ಪ್ರಯೋಗ ನಿಯಮಗಳಂತೆ ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಉಂಟು. ಯಾವಾಗ ಬೇಕಾದರೂ ಹೊರಬರಬಹುದು. ಗೊಂದಲ ಉಳಿದರೆ ಪ್ರಯೋಗದಲ್ಲಿಲ್ಲದ ಶ್ವಾಸಕೋಶ ತಜ್ಞರೊಬ್ಬರನ್ನು ಇಂದೇ ಕೇಳಿ.

ಹಕ್ಕಿಗಳನ್ನು ಪಶುವೈದ್ಯರಿಗೆ ತೋರಿಸಿ. ಒಣಗಿದ ಹಿಕ್ಕೆ ಗುಡಿಸಬೇಡಿ, ಒದ್ದೆ ಮಾಡಿ ಒರೆಸಿ. ಮನೆಯಲ್ಲಿ ಯಾರಿಗಾದರೂ ಜ್ವರ, ತಲೆನೋವು, ಒಣಕೆಮ್ಮು ಬಂದರೆ ಅಂದೇ ವೈದ್ಯರನ್ನು ಕಾಣಿ. ಹಕ್ಕಿಗಳ ವಿಷಯ ಮರೆಯದೆ ಹೇಳಿ.