ಕಾಡಿಗೆ ಒಂದು ವಾರ: ಚೀಲದಲ್ಲಿ ಏನಿರಲಿ?

ನಾವು ಹಾವೇರಿ ಕಡೆಯವರು. ನಮ್ಮದು ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ನೆಲ. ದಟ್ಟ ಕಾಡನ್ನು ನಮ್ಮಲ್ಲಿ ಬಹಳ ಜನ ನೋಡಿರಲಿಲ್ಲ. ಅದಕ್ಕೇ ಹೋದ ವರ್ಷ ನಮ್ಮ ಕಲಿಕಾ ಕೇಂದ್ರದ ಹನ್ನೆರಡು ಮಂದಿ ಶಿವಮೊಗ್ಗ ಜಿಲ್ಲೆಯ ಶರಾವತಿ ಕಣಿವೆಗೆ ಹೋದೆವು. ಕಾಡಂಚಿನ ಊರಿನಲ್ಲಿ ಒಂದು ವಾರ ಇದ್ದು, ಗಿಡ, ಮರ, ಹಕ್ಕಿ ನೋಡಿ ಕಲಿಯುವುದು ನಮ್ಮ ಆಸೆ.

ಎಲ್ಲರ ಚೀಲವೂ ತುಂಬಿತ್ತು. ಹೋಳಿಗೆ ಇತ್ತು, ರೇಷ್ಮೆ ಸೀರೆ ಇತ್ತು, ಸ್ಟೀಲ್ ಡಬ್ಬಿ ಇತ್ತು. ಆದರೆ ನಮ್ಮ ಜೊತೆಗಿದ್ದ ಒಬ್ಬ ಅಕ್ಕ ಬಿ.ಪಿ. ಗುಳಿಗೆ ಮರೆತು ಬಂದಿದ್ದರು. ಮೂರನೇ ದಿನ ತಲೆನೋವು, ತಲೆಸುತ್ತು. ಆ ಊರಿನಲ್ಲಿ ಔಷಧಿ ಅಂಗಡಿ ಇಲ್ಲ. ಜೀಪು ಮಾಡಿಕೊಂಡು ಆಸ್ಪತ್ರೆಗೆ ಓಡಿದೆವು.

“ಯಾವ ಗುಳಿಗೆ ತಗೋತಿದ್ರಿ?” ಡಾಕ್ಟರು ಕೇಳಿದರು.

“ಬಿಳಿ ಗುಳಗಿರೀ, ಸಣ್ಣದು” ಅಂದರು ಅಕ್ಕ.

ಸಣ್ಣ ಬಿಳಿ ಗುಳಿಗೆ ಎಷ್ಟೋ ಇವೆ! ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಹುಷಾರಾದರು, ನಿಜ. ಆದರೆ ಆ ದಿನ ನಾವೆಲ್ಲ ನಡುಗಿಬಿಟ್ಟಿದ್ದೆವು.

ಈ ವರ್ಷ ಹಾಗಾಗಬಾರದು ಅಂತ ಮೊದಲೇ ಕುಳಿತು ಪಟ್ಟಿ ಬರೆದೆವು. ನೀವೂ ಓದಿರಿ.

1. ಬಟ್ಟೆ

ಮೂರು ಜೊತೆ ಸಾಕು. ಮಾಸಲು ಬಣ್ಣದ್ದಿರಲಿ. ಶರಾವತಿ ಕಣಿವೆಯಲ್ಲಿ ಸಿಂಗಳೀಕ ಇದೆ. ಅದು ಮರದ ಮೇಲೇ ಹೆಚ್ಚು ಬದುಕುವ, ನಾಚಿಕೆಯ ಕೋತಿ. ಅದರ ರಕ್ಷಣೆಗೆ 2019ರಲ್ಲಿ ಸರ್ಕಾರ ಇಲ್ಲಿ ಅಭಯಾರಣ್ಯ ಘೋಷಿಸಿತು. ಕೆಂಪು ಸೀರೆ ಉಟ್ಟು, ಗಲಾಟೆ ಮಾಡುತ್ತ ಹೋದರೆ ಅದು ಕಂಡೀತೇ? ಹೊಲಕ್ಕೆ ಹೋಗುವಾಗ ಸೀರೆ ಮೇಲೆ ತುಂಬುತೋಳಿನ ಅಂಗಿ ಹಾಕುತ್ತೇವಲ್ಲ, ಇಲ್ಲಿಗೂ ಅದೇ ಒಳ್ಳೆಯದು. ಕಾಲು ಮುಚ್ಚುವ ಬೂಟು, ಉದ್ದನೆಯ ಕಾಲುಚೀಲ, ಒಂದು ಕೊಡೆ ಬೇಕು.

2. ಎಣ್ಣೆ, ಉಪ್ಪು, ಸೋಪು

ಒದ್ದೆ ಕಾಡಿನಲ್ಲಿ ಇಂಬಳ ಕಾಲಿಗೆ ಹತ್ತುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಉಪ್ಪಿನ ಗಂಟು ತಾಗಿಸಿದರೆ ಬಿಟ್ಟು ಬೀಳುತ್ತದೆ. ಹೆದರಬೇಕಿಲ್ಲ.

ಹುಷಾರಾಗಿರಬೇಕಾದ್ದು ಉಣುಗಿನ ಬಗ್ಗೆ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಈ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಣಿಸುತ್ತದೆ. ಅದಕ್ಕೇ ನಾವು ದೀಪಾವಳಿ ಮುಗಿದ ಕೂಡಲೇ ಹೊರಟೆವು. ಆದರೂ ಆರೋಗ್ಯ ಇಲಾಖೆಯವರನ್ನು ಕೇಳಿ, ಉಣುಗು ತಡೆಯುವ ಎಣ್ಣೆ ತೆಗೆದುಕೊಂಡೆವು. ತರಗೆಲೆಯ ಮೇಲೆ ಕೂರಬಾರದು. ಕಾಡಿನಿಂದ ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಮೈ ತೊಳೆಯಬೇಕು. ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಊರಿಗೆ ಬಂದ ಮೇಲೆ ಜ್ವರ ಬಂದರೆ, “ಕಾಡಿಗೆ ಹೋಗಿದ್ದೆವು” ಎಂದು ಡಾಕ್ಟರಿಗೆ ಹೇಳಲೇಬೇಕು.

3. ತಿನಿಸು, ನೀರು

ಕಟಕ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ, ಬೆಲ್ಲ. ಇವು ಕೆಡುವುದಿಲ್ಲ, ಭಾರವೂ ಇಲ್ಲ. ಕುದಿಸಿ ಆರಿಸಿದ ನೀರಿಗೆ ಒಬ್ಬೊಬ್ಬರಿಗೂ ಒಂದು ಬಾಟಲಿ.

4. ಔಷಧಿ ಮತ್ತು ಒಂದು ಚೀಟಿ

ದಿನವೂ ನುಂಗುವ ಗುಳಿಗೆ ಹತ್ತು ದಿನಕ್ಕಾಗುವಷ್ಟು ಇರಲಿ. ವಾಂತಿ ಭೇದಿಗೆ ಓ.ಆರ್.ಎಸ್. ಪೊಟ್ಟಣ. ಗಾಯಕ್ಕೆ ಮುಲಾಮು, ಶುದ್ಧ ಬಟ್ಟೆ. ಚೀಟಿಯಲ್ಲಿ ನಮ್ಮ ಹೆಸರು, ಗುಳಿಗೆಯ ಹೆಸರು, ಮನೆಯವರ ಫೋನ್ ನಂಬರು, ಆಂಬುಲೆನ್ಸಿನ 108 ಬರೆದಿಡಬೇಕು. ಹಾವು ಕಚ್ಚಿದರೆ ಕೊಯ್ಯಬಾರದು, ಹಗ್ಗ ಬಿಗಿಯಬಾರದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

5. ನೋಡಲು, ಬರೆಯಲು

ನೋಟುಪುಸ್ತಕ, ಪೆನ್ಸಿಲ್, ಭೂತಗನ್ನಡಿ, ಬ್ಯಾಟರಿ. ಪೆನ್ನು ಯಾಕೆ ಬೇಡ? ಮಳೆಹನಿ ಬಿದ್ದರೆ ಶಾಯಿ ಹರಡುತ್ತದೆ. ಪೆನ್ಸಿಲ್ ಬರಹ ಹಾಗೇ ಉಳಿಯುತ್ತದೆ. ಅಭಯಾರಣ್ಯದಿಂದ ಅನುಮತಿ ಇಲ್ಲದೆ ಏನನ್ನೂ ತರುವಂತಿಲ್ಲ. 1972ರ ವನ್ಯಜೀವಿ ಕಾನೂನು ಅದನ್ನು ತಡೆಯುತ್ತದೆ. ಹಾಗಾಗಿ ಎಲೆ ಕೀಳುವುದು ಬೇಡ, ಅದರ ಚಿತ್ರ ಬರೆಯೋಣ.

6. ಮನೆಯಲ್ಲೇ ಬಿಡಬೇಕಾದದ್ದು

ಒಡವೆ, ಹಾಡಿನ ಪೆಟ್ಟಿಗೆ, ಬೀಡಿ. ಒಂದು ಕಿಡಿ ಸಾಕು, ಕಾಡು ಸುಡಲು. ಒಯ್ದ ಪ್ಲಾಸ್ಟಿಕ್ಕನ್ನು ವಾಪಸ್ ತರಲು ಒಂದು ಖಾಲಿ ಚೀಲ ಮಾತ್ರ ಇರಲಿ.

ಹೊರಡುವ ದಿನ ಬೆಳಿಗ್ಗೆ ಆ ಅಕ್ಕ ಎಲ್ಲರಿಗಿಂತ ಮೊದಲೇ ಬಂದಿದ್ದರು. ಕಲಿಸುವ ಅಕ್ಕೋರು, “ನಿಮ್ಮ ಚೀಲ ನಾ ನೋಡ್ಲೇನ್ರೀ?” ಅಂದರು.

“ಬ್ಯಾಡ್ರಿ ಅಕ್ಕೋರ, ನಾನs ಓದೇನಿ” ಅಂದರು ಅಕ್ಕ.

ತಮ್ಮ ಪಟ್ಟಿ ತೆಗೆದರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿದ್ದಕ್ಕೆಲ್ಲ ಗೆರೆ ಹಾಕಿದರು. ಗುಳಿಗೆಯ ಹೆಸರನ್ನು ಎರಡು ಸಲ ಓದಿದರು. ಕೊನೆಗೆ ಚೀಟಿ ಮಡಿಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

ನಾವೆಲ್ಲ ಬಸ್ಸು ಹತ್ತಿದೆವು.

ಮಾತಾಡೋಣ
ನಿಮ್ಮ ಮನೆಯಲ್ಲಿ ದಿನವೂ ಗುಳಿಗೆ ನುಂಗುವವರು ಯಾರಿದ್ದಾರೆ? ಅದರ ಹೆಸರು ನಿಮಗೆ ಗೊತ್ತೇ?

ಬರೆಯೋಣ
ಒಂದು ಚೀಟಿಯಲ್ಲಿ ನಿಮ್ಮ ಹೆಸರು, ಊರು, ಮನೆಯವರ ಫೋನ್ ನಂಬರು ಬರೆಯಿರಿ. ಜೇಬಿನಲ್ಲಿ ಇಟ್ಟುಕೊಳ್ಳಿರಿ.