ನೆಲಮಾಳಿಗೆಯ ಬೂಷ್ಟು: ಒರೆಸುವ ಮೊದಲು ತೇವ ತಡೆಯಿರಿ

ಉಬ್ಬಸದ ರೋಗಿಗಳನ್ನು ಮನೆಗೆ ಕಳುಹಿಸುವಾಗ "ಇವರು ಮಲಗುವ ಕೋಣೆ ಯಾವುದು?" ಎಂದು ನಾವು ಕೇಳುತ್ತೇವೆ. "ಕೆಳಗಿನ ಕೋಣೆ ಸಿಸ್ಟರ್, ಗಲಾಟೆ ಇರುವುದಿಲ್ಲ, ತಂಪಾಗಿರುತ್ತದೆ" ಎಂದು ಬಂಧುಗಳು ಹೇಳುವುದುಂಟು. ಆ ತಂಪಿನ ಜೊತೆಗೆ ತೇವವೂ ಇದ್ದರೆ ರೋಗಿಗೆ ಅದೇ ತೊಂದರೆಯಾಗುತ್ತದೆ. ಕೊಡಗು, ಮಲೆನಾಡಿನ ಇಳಿಜಾರಿನಲ್ಲಿ ಕಟ್ಟಿದ ಮನೆಗಳ ಕೆಳಕೋಣೆಯ ಹಿಂಗೋಡೆ ಹಲವು ಕಡೆ ಮಣ್ಣಿಗೆ ತಾಗಿರುತ್ತದೆ. ಪಟ್ಟಣದ ಮನೆಗಳ ನೆಲಮಾಳಿಗೆಯೂ ಹಾಗೆಯೇ. ಬೂಷ್ಟು ಮೊದಲು ಕಾಣಿಸಿಕೊಳ್ಳುವುದು ಇಂಥ ಗೋಡೆಗಳಲ್ಲಿ.

ಬೂಷ್ಟು ಎಂದರೇನು?

ಬೂಷ್ಟು ಒಂದು ಬಗೆಯ ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆ ಇರುತ್ತವೆ, ಅವನ್ನು ಪೂರ್ತಿ ಇಲ್ಲವಾಗಿಸಲು ಆಗದು. ಆದರೆ ತೇವವಿಲ್ಲದೆ ಅವು ಬೆಳೆಯಲಾರವು. ಆದ್ದರಿಂದ ನಮ್ಮ ಕೆಲಸ ತೇವವನ್ನು ತಡೆಯುವುದು. ನೆನೆದ ವಸ್ತುಗಳನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಷ್ಟು ಸಾಮಾನ್ಯವಾಗಿ ಬೆಳೆಯುವುದಿಲ್ಲ.

ಗೋಡೆಯ ಮೇಲಿನ ಬಿಳಿ ಪುಡಿಯೆಲ್ಲ ಬೂಷ್ಟಲ್ಲ. ಒಂದು ಹನಿ ನೀರು ಹಾಕಿ ನೋಡಿ. ಕರಗಿದರೆ ಅದು ಗೋಡೆ ಬಿಟ್ಟ ಉಪ್ಪು. ಆದರೂ ಅಲ್ಲಿ ನೀರು ಒಸರುತ್ತಿದೆ ಎಂದೇ ಅರ್ಥ.

ಯಾರು ಹೆಚ್ಚು ಎಚ್ಚರ ವಹಿಸಬೇಕು?

ಆಸ್ತಮಾ, ದೀರ್ಘಕಾಲದ ದಮ್ಮು ಇರುವವರು, ಹಿಂದೆ ಕ್ಷಯದಿಂದ ಶ್ವಾಸಕೋಶ ಹಾನಿಗೊಂಡವರು, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಬಹುಕಾಲದಿಂದ ಸ್ಟೀರಾಯ್ಡ್ ಮಾತ್ರೆ ಸೇವಿಸುವವರು ಮತ್ತು ಮಕ್ಕಳು. ತೇವ ಹಾಗೂ ಬೂಷ್ಟು ಇರುವ ಮನೆಗಳಲ್ಲಿ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ತಿಳಿಸಿದೆ.

2021ರಲ್ಲಿ ಕೋವಿಡ್ ನಂತರ ಕಂಡ 'ಕಪ್ಪು ಶಿಲೀಂಧ್ರ' ರೋಗ ಇದೇ ಇರಬಹುದೇ ಎಂದು ಹಲವರು ಹೆದರುತ್ತಾರೆ. ಆ ಹೆಸರು ಬಂದದ್ದು ರೋಗದಿಂದ ಸತ್ತು ಕಪ್ಪಾದ ಅಂಗಾಂಶದಿಂದ. ಗೋಡೆಯ ಕಪ್ಪು ಚುಕ್ಕೆ ಕಂಡ ಮಾತ್ರಕ್ಕೆ ಆ ರೋಗ ಬಂತೆಂದು ಭಯಪಡಬೇಕಿಲ್ಲ. ಹಾಗೆಂದು ಚುಕ್ಕೆಗಳನ್ನು ಹಾಗೆಯೇ ಬಿಡುವುದೂ ಸರಿಯಲ್ಲ.

ತೇವ ಎಲ್ಲಿಂದ ಬರುತ್ತಿದೆ?

ಒಂದು ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ ಒದ್ದೆಯಾಗಿದ್ದರೆ ನೀರು ಗೋಡೆಯ ಮೂಲಕ ಬರುತ್ತಿದೆ. ಮುಂಬದಿ ಒದ್ದೆಯಾಗಿದ್ದರೆ ಕೋಣೆಯ ಗಾಳಿಯ ತೇವವೇ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ.

ತಡೆಯುವ ಕ್ರಮಗಳು

1. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಪೈಪಿನಲ್ಲಿ ದೂರ ಹರಿಸಿ. ಅಂಗಳದ ಇಳಿಜಾರು ಮನೆಯಿಂದ ಹೊರಕ್ಕಿರಲಿ. ಗೋಡೆಗೆ ತಾಗಿದಂತೆ ಹೂವಿನ ಕುಂಡ ಇಡಬೇಡಿ.
2. ಸಂಪು, ಬಚ್ಚಲು, ಪೈಪುಗಳ ಸೋರಿಕೆಯನ್ನು ಮಳೆಗಾಲಕ್ಕೆ ಮುಂಚೆಯೇ ಸರಿಪಡಿಸಿ.
3. ಬಿಸಿಲಿನ ಒಣ ಹೊತ್ತಿನಲ್ಲಿ ಕಿಟಕಿ ತೆರೆಯಿರಿ. ಮಳೆ, ಮಂಜು ಇರುವಾಗ ಮುಚ್ಚಿ. ಹೊರಗಿನ ತೇವದ ಗಾಳಿ ಒಳಗೆ ಬಂದರೆ ಗೋಡೆ ಇನ್ನಷ್ಟು ಬೆವರುತ್ತದೆ.
4. ಒದ್ದೆ ಬಟ್ಟೆಯನ್ನು ಆ ಕೋಣೆಯಲ್ಲಿ ಒಣಹಾಕಬೇಡಿ.
5. ಬೀರು, ಮಂಚ, ಅಕ್ಕಿ ಮೂಟೆಗಳನ್ನು ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಎತ್ತರದಲ್ಲಿ ಇಡಿ.

ಸ್ವಚ್ಛಗೊಳಿಸುವ ಕ್ರಮ

ರೋಗಿಯನ್ನು ಬೇರೆ ಕೋಣೆಗೆ ಕಳುಹಿಸಿ. ಈ ಕೆಲಸವನ್ನು ಆರೋಗ್ಯವಂತರೇ ಮಾಡಲಿ. ಎನ್-95 ಮಾಸ್ಕ್, ಕೈಗವಸು, ಕನ್ನಡಕ ಧರಿಸಿ. ಒಣ ಪೊರಕೆಯಿಂದ ಗುಡಿಸಿದರೆ ಕಣಗಳು ಹಾರುತ್ತವೆ. ಸೋಪುಪುಡಿ ಬೆರೆಸಿದ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ, ಒರೆಸಿ, ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಬೂಷ್ಟು ಹಿಡಿದ ಹಾಸಿಗೆ, ದಿಂಬು, ರಟ್ಟಿನ ಪೆಟ್ಟಿಗೆಗಳನ್ನು ಉಳಿಸಿಕೊಳ್ಳಬೇಡಿ. ಸುಮಾರು 10 ಚದರ ಅಡಿಗಿಂತ ಹೆಚ್ಚು ಹರಡಿದ್ದರೆ ಅನುಭವಿ ಕೆಲಸಗಾರರನ್ನು ಕರೆಸಿ.

ಇವನ್ನು ಮಾಡಬೇಡಿ

• ಬೂಷ್ಟಿನ ಮೇಲೆಯೇ ಸುಣ್ಣ, ಬಣ್ಣ ಬಳಿಯಬೇಡಿ. ಕೆಲವೇ ತಿಂಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತದೆ.
• ಬ್ಲೀಚಿಂಗ್ ಪೌಡರ್ ಜೊತೆ ಶೌಚಾಲಯ ತೊಳೆಯುವ ಆಸಿಡ್ ಬೆರೆಸಬೇಡಿ. ಕ್ಲೋರಿನ್ ವಿಷಾನಿಲ ಹುಟ್ಟುತ್ತದೆ.
• ಕೋಣೆ ಒಣಗಲೆಂದು ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು.
• ವಾಸನೆ ಮುಚ್ಚಲು ಧೂಪ, ಊದುಬತ್ತಿ ಹಚ್ಚಬೇಡಿ. ಹೊಗೆಯಿಂದ ಉಬ್ಬಸ ಹೆಚ್ಚಾಗುತ್ತದೆ.

ವೈದ್ಯರಿಗೆ ಯಾವಾಗ ತಿಳಿಸಬೇಕು?

ಆಸ್ಪತ್ರೆಯಲ್ಲಿ ಅಥವಾ ನೆಂಟರ ಮನೆಯಲ್ಲಿ ಕಡಿಮೆಯಾಗಿದ್ದ ಕೆಮ್ಮು, ಸೀನು, ಉಬ್ಬಸ ನಿಮ್ಮ ಮನೆಗೆ ಮರಳಿದ ಕೂಡಲೇ ಹೆಚ್ಚಾದರೆ ಅದನ್ನು ವೈದ್ಯರಿಗೆ ಹೇಳಿ. ಮನೆ ಸ್ವಚ್ಛವಾಯಿತೆಂದು ಇನ್‌ಹೇಲರ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಮಾತನಾಡಲಾರದಷ್ಟು ಏದುಸಿರು, ತುಟಿ ನೀಲಿಗಟ್ಟುವುದು, ಕಫದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ.

ಬಂಧುಗಳಲ್ಲಿ ಒಂದು ವಿನಂತಿ. ರೋಗಿ ಬಿಡುಗಡೆಯಾಗುವ ಮುನ್ನ ಮನೆಯಲ್ಲಿರುವವರಿಗೆ ಫೋನ್ ಮಾಡಿ, ರೋಗಿಯ ಹಾಸಿಗೆಯನ್ನು ಗಾಳಿ ಬೆಳಕಿರುವ ಮೇಲಿನ ಕೋಣೆಗೆ ಸಾಗಿಸಲು ಹೇಳಿ. ಇರುವುದು ಒಂದೇ ಕೋಣೆಯಾದರೆ ಮಂಚವನ್ನು ತೇವದ ಗೋಡೆಯಿಂದ ದೂರ ಸರಿಸಿ. ಇದಕ್ಕೆ ಖರ್ಚಿಲ್ಲ, ರೋಗಿಗೆ ಮಾತ್ರ ಅಂದಿನ ರಾತ್ರಿಯಿಂದಲೇ ಅನುಕೂಲ.