ವ್ಯಾಯಾಮ: ನಿಮಗೆ ಹಿಡಿಸುವುದು ಯಾವುದು?

ಸಕ್ಕರೆ ಕಾಯಿಲೆ ಇದೆ ಎಂದು ತಿಳಿದ ಮರುದಿನವೇ ಮನೆಗೆ ಹೊಸ ಶೂ ಬರುತ್ತದೆ. ಒಂದು ವಾರ ಬೆಳಗಿನ ನಡಿಗೆ ಜೋರಾಗಿರುತ್ತದೆ. ಎರಡನೇ ವಾರ ಮಳೆ, ಮೂರನೇ ವಾರ ನೆಂಟರ ಮದುವೆ, ಆಮೇಲೆ ಶೂ ಬಾಗಿಲ ಹಿಂದೆ. ನಮ್ಮ ಅನೇಕ ಮನೆಗಳ ಕಥೆ ಇದು. ಸೋಮಾರಿತನವನ್ನು ದೂರುತ್ತೇವೆ. ಆದರೆ ಮನಸ್ಸಿಗೆ ಹಿಡಿಸದ ವ್ಯಾಯಾಮವನ್ನು ಕಹಿ ಕಷಾಯದಂತೆ ಕುಡಿಯಲು ಹೊರಟರೆ ಯಾರಿಂದ ತಾನೇ ಎಷ್ಟು ದಿನ ಸಾಧ್ಯ?

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡುವಷ್ಟು ಉಸಿರು ಉಳಿದಿರಬಾರದು. ಅದೇ ಮಧ್ಯಮ ಶ್ರಮ. ಅರ್ಧ ಗಂಟೆಯನ್ನು ಹತ್ತು ಹತ್ತು ನಿಮಿಷಗಳಾಗಿ ಹಂಚಿಕೊಂಡರೂ ಸರಿ.

"ಐದು ಹೊತ್ತು ನಮಾಝ್ ಮಾಡುತ್ತೇವಲ್ಲ, ಮತ್ತೇಕೆ ವ್ಯಾಯಾಮ?" ಎನ್ನುವವರಿದ್ದಾರೆ. ನಮಾಝ್ ಆರಾಧನೆ. ಅದರ ರುಕೂಅ್, ಸುಜೂದ್‌ಗಳಿಂದ ಕೀಲುಗಳಿಗೆ ಒಳ್ಳೆಯದಾಗುತ್ತದೆ, ನಿಜ. ಆದರೆ ಅದನ್ನು ಕಸರತ್ತಿನ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ, ಎದೆಬಡಿತ ಏರುವಷ್ಟು ಶ್ರಮ ಅದರಲ್ಲಿ ಸಿಗುವುದೂ ಇಲ್ಲ. ಬೇಕಿದ್ದರೆ ಮಸೀದಿಗೆ ಬೈಕ್ ಬಿಟ್ಟು ನಡೆದು ಹೋಗಿ.

ಪ್ರವಾದಿವರ್ಯರು(ಸ) ಪತ್ನಿ ಆಯಿಶಾರೊಂದಿಗೆ(ರ) ಓಟದ ಪಂದ್ಯ ನಡೆಸಿದ್ದು ಹದೀಸ್‌ನಲ್ಲಿದೆ. ಮೊದಲ ಬಾರಿ ಆಯಿಶಾ(ರ) ಗೆದ್ದರು. ಕಾಲಾನಂತರ ಅವರ ಮೈ ತುಂಬಿಕೊಂಡಾಗ ಮತ್ತೊಮ್ಮೆ ಓಡಿದರು, ಆಗ ಪ್ರವಾದಿವರ್ಯರು(ಸ) ಗೆದ್ದು, ಅಂದಿನದಕ್ಕೆ ಇದು ಸರಿಹೋಯಿತೆಂದರು. ಗಂಡ-ಹೆಂಡಿರ ಸರಸವೂ ಹೌದು, ವ್ಯಾಯಾಮವೂ ಹೌದು. ನಮ್ಮಲ್ಲಿ ಮದುವೆಯಾದ ಹೆಣ್ಣುಮಗಳು ಆಟವಾಡಿದರೆ ಹುಬ್ಬೇರಿಸುವವರು ಇದನ್ನು ಓದಬೇಕು.

ನಿಮಗೆ ಯಾವುದು ಹಿಡಿಸುತ್ತದೆಂದು ತಿಳಿಯಲು, ಚಿಕ್ಕಂದಿನಲ್ಲಿ ಏನನ್ನು ಮಾಡಿದರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ ಎಂದು ನೆನೆಯಿರಿ. ಸೈಕಲ್? ಈಜು? ಹಗ್ಗದಾಟ? ಮಾತುಗಾರರಿಗೆ ಒಂಟಿ ನಡಿಗೆ ಬೇಸರ, ನೆರೆಮನೆಯವರು ಜೊತೆಗಿದ್ದರೆ ನಾಲ್ಕು ಸುತ್ತು ಹೆಚ್ಚೇ ನಡೆಯುತ್ತಾರೆ. ಏಕಾಂತ ಬೇಕೆನ್ನುವವರಿಗೆ ತೋಟದಲ್ಲಿ ಗುದ್ದಲಿ ಹಿಡಿಯುವುದೇ ಸಾಕು. ಹೊರಗೆ ಹೋಗಲಾಗದ ತಾಯಂದಿರು ಮಕ್ಕಳೊಂದಿಗೆ ತಾರಸಿಯಲ್ಲೋ ಅಂಗಳದಲ್ಲೋ ಶಟಲ್ ಆಡಬಹುದು. ಮಂಡಿ ನೋವಿದ್ದವರಿಗೆ ಹಗ್ಗದಾಟ ಬೇಡ, ಸೈಕಲ್ ಅಥವಾ ಈಜು ಹಗುರ. ಎರಡು ವಾರ ಮಾಡಿಯೂ ಬೇಸರವೆನಿಸಿದರೆ ಬೇರೊಂದನ್ನು ಹಿಡಿಯಿರಿ, ವ್ಯಾಯಾಮವನ್ನೇ ಬಿಡಬೇಡಿ.

ಸಮಯವನ್ನು ಗಡಿಯಾರಕ್ಕಿಂತ ನಮಾಝ್‌ಗೆ ಜೋಡಿಸುವುದು ಲೇಸು. ಫಜ್ರ್ ಬಳಿಕ ನಡಿಗೆ, ಅಸ್ರ್ ಬಳಿಕ ಆಟ ಎಂದಿಟ್ಟುಕೊಂಡರೆ ನೆನಪಿಸಲು ಅಲಾರಂ ಬೇಡ. ಮೊದಲ ತಿಂಗಳು ಹತ್ತೇ ನಿಮಿಷವಾದರೂ ಪರವಾಗಿಲ್ಲ. ಕಿರಿದಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದು ಇಲ್ಲಿಯೂ ದಾರಿ ತೋರುತ್ತದೆ. ರಮಝಾನ್‌ನಲ್ಲಿ ಇಫ್ತಾರ್ ಆಗಿ ಸ್ವಲ್ಪ ಹೊತ್ತಿನ ನಂತರ ಲಘು ನಡಿಗೆ ಸಾಕು.

ದುಡಿಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ಊಟದ ನಂತರದ ಹತ್ತು ನಿಮಿಷದ ನಡಿಗೆಯೂ ಮಧುಮೇಹಿಗಳಿಗೆ ಉಪಕಾರಿ. ಆದರೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸಕ್ಕರೆ ಅಥವಾ ಗ್ಲೂಕೋಸ್ ಇಟ್ಟುಕೊಳ್ಳಲಿ. ಬೆವರು, ನಡುಕ, ತಲೆಸುತ್ತು ಕಂಡರೆ ಕೂಡಲೇ ತಿಂದು ಕುಳಿತುಕೊಳ್ಳಬೇಕು. ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಲಿ. ನಡೆಯುವಾಗ ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ.